ಒಂದು ತಾಸಿನ ಫೋಟೊ

ಸ್ಪಷ್ಟವಾದ ಫೋಟೊ ಬಿದ್ದರೆ ಮಗು ಒಂದು ತಾಸು ಹಾಗೇ ನಿಂತುಬಿಡುತ್ತದೆ. ಮಸುಕಾಗಿ ಬಂದರೆ ಏನೂ ಆಗುವುದಿಲ್ಲ. ಹೀಗಾಗಿ ಹುಬ್ಬಳ್ಳಿಯ ಯಾವ ಮನೆಯ ಗೋಡೆ ನೋಡಿದರೂ ಮಕ್ಕಳ ಫೋಟೊಗಳೆಲ್ಲ ಮಸುಕೇ. ಆದರೆ ಶಾಲೆಯ ಅರ್ಜಿಗೆ ಸ್ಪಷ್ಟ ಮುಖವೇ ಬೇಕಂತೆ, ಅದೂ ಇವತ್ತು ಐದು ಗಂಟೆಯೊಳಗೆ.

ಶಾಂಭವಿ ಐದು ವರ್ಷದ ಮಗಳು ಚಿನ್ಮಯಿಗೆ ಉಣ್ಣಿಸಿ, ಬಚ್ಚಲಿಗೆ ಕಳಿಸಿ, ಕಿಟಕಿಯ ಬೆಳಕಿಗೆ ಕರೆತಂದಳು. ತಾನು ಮಂಡಿಯೂರಿ ಮೊಬೈಲನ್ನು ಅವಳ ಕಣ್ಣಿನ ಎತ್ತರಕ್ಕೆ ಹಿಡಿದಳು.

"ಒಂದ ಸಲ ಒತ್ತವಾ," ಬಾಗಿಲಲ್ಲಿ ನಿಂತ ಅತ್ತೆ ಎಚ್ಚರಿಸಿದರು. "ಒತ್ತಿ ಹಿಡದಿ ಅಂದ್ರ ಹತ್ತ ಫೋಟೊ ಬೀಳತಾವ. ಹತ್ತ ತಾಸ ನಿಂದರತೈತಿ ಕೂಸು."

ಅಷ್ಟರಲ್ಲಿ ಮಗಳು ಓಟ ಕಿತ್ತಳು. "ಅವ್ವಾ, ನನ್ನ ಹಿಡಿ—"

ಶಾಂಭವಿ ಒತ್ತಿದಳು. ಮಗಳು ಒಂದು ಕಾಲೆತ್ತಿ ನಿಂತುಬಿಟ್ಟಳು.

ಮನೆ ಗಪ್ಪಾಯಿತು. ಇಂಥ ಒಂದು ತಾಸಿಗಾಗಿ ಶಾಂಭವಿ ವರ್ಷಗಟ್ಟಲೆ ಹಂಬಲಿಸಿದ್ದಳು. ಚಹಾ ಮಾಡಿದಳು, ಕುಡಿಯಲಿಲ್ಲ. ಬಟ್ಟೆ ಮಡಚಿದಳು, ಬಿಡಿಸಿ ಮತ್ತೆ ಮಡಚಿದಳು. ಎತ್ತಿದ ಪಾದದ ಕೆಳಗೆ ದಿಂಬು ಇಟ್ಟಳು. ಗಡಿಯಾರ ನೋಡಿದರೆ ಏಳೇ ನಿಮಿಷವಾಗಿತ್ತು. ಆಗ ಮೊಬೈಲ್ ತೆರೆದಳು. ಫೋಟೊದಲ್ಲಿ ಮಗಳ ಕಣ್ಣು ಮುಚ್ಚಿದ್ದವು.

"ಇನ್ನೊಂದ ತಗೀತಿಯೇನ?" ಅತ್ತೆ ಕೇಳಿದರು. ಶಾಂಭವಿ ಕೋಣೆಯ ತುಂಬ ಓಡಾಡಿದಳು.

ನಾಲ್ಕೂವರೆಗೆ ಪಾದ ದಿಂಬಿಗೆ ಬಡಿಯಿತು. "—ನೋಡೂಣು!" ಎಂದು ಮಾತು ಮುಗಿಸಿ ಮಗಳು ಓಡಿದಳು.

ಶಾಂಭವಿ ಸೆರಗು ಸಿಕ್ಕಿಸಿ ಬೆನ್ನಟ್ಟಿದಳು. ಓಡುತ್ತಲೇ ಕೂಗಿದಳು: "ಮಸುಕ ಫೋಟೊನ ಹಚ್ಚೂಣ್ರಿ ಅತ್ತಿ! ನಮ್ಮ ಹುಡುಗಿ ಹೆಂಗ ಅದಾಳಂತ ಸಾಲಿಯವರಿಗೂ ತಿಳೀಲಿ!"