ಸೀಟಿಯ ಬಗ್ಗೆ ನಾಲ್ಕು ಮಾತು

‘ಧೀಮಂತ’ ಎಂಬ ಪದದ ಮೇಲೆ ಕೆಂಪು ಗೆರೆ ಬಿತ್ತು.

“ಇದನ್ನ ಯಾವ ಅಂಗಡೀಲಿ ತಂದೆ?” ಎಂದ ಮುದುಕ.

ಉಪಸಂಪಾದಕಿ ತುಟಿ ಕಚ್ಚಿಕೊಂಡಳು. ಕ್ರೀಡಾ ವರದಿಗಾರ ಸೀಟಿಯ ಮೇಲೆ ಅವಳು ಬರೆದ ಶ್ರದ್ಧಾಂಜಲಿ ಲೇಖನ ಮುದುಕನ ತೊಡೆಯ ಮೇಲಿತ್ತು. ಯಾರು ಎಡವಿದರೂ ಮರುದಿನದ ಪೇಪರಿನಲ್ಲಿ ಊದುತ್ತಿದ್ದರಿಂದ ಆ ಅಡ್ಡಹೆಸರು. ತನಗೆ ತೋರಿಸದೆ ಲೇಖನ ಪುಟಕ್ಕೆ ಹೋಗಕೂಡದೆಂದು ಮುದುಕ ಹಟ ಹಿಡಿದಿದ್ದ. ಸಂಪಾದಕರು ಒಪ್ಪಿದ್ದರು. ಸೀಟಿಯನ್ನು ಅವನಷ್ಟು ಹತ್ತಿರದಿಂದ ಬಲ್ಲವರು ಬೇರೆ ಇರಲಿಲ್ಲ.

“‘ಓದುಗರ ಪ್ರೀತಿಯ ಸೀಟಿ ನಮ್ಮನ್ನು ಅಗಲಿದ್ದಾರೆ.’ ಅಗಲೋಕೆ ಅವನೇನು ಬಸ್ ಹತ್ತಿದ್ನಾ? ಸತ್ತ ಅಂತ ಬರಿ.”

“ನಿಧನರಾದರು ಅಂತಾದ್ರೂ ಇರಲಿ, ಸರ್.”

“ಆಯ್ತು. ‘ಓದುಗರ ಪ್ರೀತಿಯ’ ತೆಗಿ. ಜನ ಪ್ರೀತಿಸಿದ್ದು ಅವನು ಬೇರೆಯವರನ್ನ ಬೈಯೋದನ್ನ. ತಮ್ಮ ತಂಡವನ್ನ ಬೈದಾಗ ಆಫೀಸಿನ ಗಾಜು ಒಡೆದ್ರು.”

ಅಚ್ಚಿಗೆ ಹೋಗುವ ಕಾಪಿಯಲ್ಲಿ ಬಂದವರೆಲ್ಲ ಮುದುಕನಿಗೆ ‘ಅವನು’. ಮಂತ್ರಿಯಾದರೂ ಅಷ್ಟೆ.

“‘ಸಹೋದ್ಯೋಗಿಗಳ ಕಣ್ಣುಗಳು ತೇವಗೊಂಡಿವೆ.’ ಯಾರ ಕಣ್ಣು? ಆ ಫೋಟೋಗ್ರಾಫರನದಾ? ಅವನು ಸ್ವೀಟ್ ಹಂಚ್ತಾನೆ. ತೆಗಿ.”

ತೆಗೆದಳು. ಹೋದದ್ದು ಹೋಗಲಿ. ಕೊನೆಯ ಪ್ಯಾರಾ ಒಂದು ಉಳಿದರೆ ಅವಳಿಗೆ ಸಾಕಿತ್ತು. ಸೀಟಿಗೆ ಬಾಯಿಬಿಟ್ಟು ಎಂದೂ ಹೇಳಲಾಗದ್ದನ್ನು ಅದರಲ್ಲಿ ಬರೆದಿದ್ದಳು. ಅದೂ ಹೋದರೆ ಉಳಿದದ್ದನ್ನು ಯಾರು ಬೇಕಾದರೂ ಬರೆಯಬಹುದಿತ್ತು.

“‘ಮೇಲೆ ಒರಟು, ಒಳಗೆ ಮೃದು ಹೃದಯಿ’...”

ಒಳಕೋಣೆಯಲ್ಲಿ ಚೀಲಕ್ಕೆ ಬಟ್ಟೆ ತುಂಬುತ್ತಿದ್ದ ಮನೆಯಾಕೆ ಗೊಳ್ಳೆಂದು ನಕ್ಕಳು. “ಯಾರಮ್ಮ ಮೃದು, ಸೀಟಿನಾ? ಮಗಳು ಹುಟ್ಟಿದ ದಿನ ಆಸ್ಪತ್ರೆಗೆ ಬಂದು, ಸ್ಕೋರ್ ಎಷ್ಟಾಯ್ತು ಅಂತ ನರ್ಸನ್ನ ಕೇಳಿದ ಮಹಾನುಭಾವ! ಹೊಡೀರಿ ಅದನ್ನ.”

ಗೆರೆ ಬಿತ್ತು. ಮನೆಯಾಕೆ ಕಾಫಿ ತಂದಳು, ಒಂದೇ ಲೋಟ. ಅದನ್ನು ಉಪಸಂಪಾದಕಿಯ ಕೈಗಿಟ್ಟು ಒಳಗೆ ಹೋದಳು. ಮುದುಕ ಆಸೆಯಿಂದ ಲೋಟ ನೋಡಿ ಮುಖ ತಿರುಗಿಸಿದ.

ಮುಂದಿನ ಸಾಲಿನಲ್ಲಿ ಸೀಟಿಯದೇ ಹಳೆಯ ವಾಕ್ಯವೊಂದಿತ್ತು: ‘ಗೋಲ್‌ಕೀಪರ್ ಹಾರುವಷ್ಟರಲ್ಲಿ ಚೆಂಡು ಬಲೆಯೊಳಗೆ ಬಾಡಿಗೆಗೆ ಮನೆ ಹಿಡಿದು, ಹಾಲು ಉಕ್ಕಿಸಿತ್ತು.’ ಮುದುಕನ ಪೆನ್ನು ಅಲ್ಲಿ ನಿಂತಿತು.

“ಇದು ಇರಲಿ,” ಎಂದ. “ಬರೀತಿದ್ದ, ಇಲ್ಲ ಅನ್ನಲ್ಲ. ಬರೆಯೋಕೆ ಬಂದ ಮಾತ್ರಕ್ಕೆ ಮನುಷ್ಯ ಆಗಿಬಿಡ್ತಾನಾ? ಜೊತೆಗಿದ್ದವರನ್ನ ಹುರಿದು ಮುಕ್ಕಿದ. ಒಬ್ಬರಿಗಾದ್ರೂ ಭೇಷ್ ಅಂದಿದ್ನಾ?”

“ಆ ಮನುಷ್ಯನ ಮೇಲೆ ಇಷ್ಟೊಂದು ಸಿಟ್ಟು ಯಾಕೆ, ಸರ್?”

“ಜೊತೆಗೇ ಬದುಕಿದ್ದೀನಲ್ಲ.”

ಪೆನ್ನು ಕೊನೆಯ ಪ್ಯಾರಾಕ್ಕೆ ಇಳಿಯಿತು. ಈ ಸಲ ಅವನು ಗಟ್ಟಿಯಾಗಿ ಓದಲಿಲ್ಲ.

‘ನನ್ನ ಮೊದಲ ವರದಿಯನ್ನು ಸೀಟಿ ಎಲ್ಲರೆದುರು ಕಸದ ಬುಟ್ಟಿಗೆ ಎಸೆದರು. ಎಲ್ಲರೂ ಊಟಕ್ಕೆ ಎದ್ದ ಮೇಲೆ ಅದನ್ನು ಎತ್ತಿಕೊಂಡು, ಸುಕ್ಕು ಬಿಡಿಸಿ, ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಸಾಲು ಸಾಲು ತಿದ್ದಿಸಿದರು. ನಾನು ಬರೆಯಲು ಕಲಿತದ್ದು ಆವತ್ತು.’

“ಸೆಂಟಿಮೆಂಟು,” ಎಂದು ಮುದುಕ ಪೆನ್ನು ಎತ್ತಿದ.

ಅವಳು ಅವನ ಮಣಿಕಟ್ಟು ಹಿಡಿದುಕೊಂಡಳು. ಹಾಗೆ ಹಿಡಿಯುವ ಧೈರ್ಯ ಆಫೀಸಿನಲ್ಲಿ ಯಾರಿಗೂ ಇರಲಿಲ್ಲ.

“ಸುಳ್ಳಿದ್ರೆ ಹೊಡೀರಿ, ಸರ್. ಇಲ್ದಿದ್ರೆ ಮುಟ್ಟಬೇಡಿ.”

ಮುದುಕ ಇನ್ನೊಮ್ಮೆ ಓದಿದ. ಕನ್ನಡಕ ತೆಗೆದು ಒರೆಸಿದ. ಒರೆಸುವಂಥದ್ದು ಅದರ ಮೇಲೇನೂ ಇರಲಿಲ್ಲ.

“ಸುಳ್ಳಿಲ್ಲ,” ಎಂದ. “ತಿದ್ದಿಸುವಾಗಲೂ ಬೈತಿದ್ದ ಅಂತ ಸೇರಿಸು.”

ಹೊರಗೆ ಗಾಡಿಯ ಹಾರ್ನ್ ಕೇಳಿಸಿತು. ಮನೆಯಾಕೆ ಚೀಲ ಹಿಡಿದು ಬಾಗಿಲಿಗೆ ಬಂದಳು. “ಏಳ್ರೀ, ತಡವಾಯ್ತು.”

ಮುದುಕ ಏಳಲಿಲ್ಲ. ಹಾಳೆಗಳನ್ನು ಮಗುಚಿ ಹಾಕಿ ಏನನ್ನೋ ಹುಡುಕಿದ.

“ಇನ್ನೊಂದು ಎಲ್ಲಿ?”

“ಯಾವುದು, ಸರ್?”

“ಪುಟ ಅಚ್ಚಿಗೆ ಹೋಗೋ ಹೊತ್ತಿಗೆ ಪಂದ್ಯ ಮುಗಿಯಲ್ಲ ಅಂದ್ರೆ ಸೋತರೆ ಒಂದು, ಗೆದ್ದರೆ ಒಂದು, ಎರಡು ಕಾಪಿ ಮೊದಲೇ ಬರೆದಿಡು ಅಂತ ಬಾಯಿ ಬಡ್ಕೊಂಡಿರಲಿಲ್ವಾ?” ಹಾಳೆಗಳನ್ನು ಅವಳ ಮಡಿಲಿಗೆ ಎಸೆದು ಅವನು ಹೆಂಡತಿಯ ಭುಜ ಹಿಡಿದು ಎದ್ದು ನಿಂತ.

“ಸಂಜೆ ಡಾಕ್ಟರು ಎದೆ ಕೊಯ್ದು ಹೊಲಿದು ಮುಗಿಸಿದ ಮೇಲೂ ನಾನು ಉಸಿರಾಡ್ತಾ ಇದ್ರೆ, ಪುಟಕ್ಕೆ ಏನು ಹಾಕ್ತೀಯೇ, ದಡ್ಡಿ?”