ಕೌನ್ಸಿಲರ್ ಭುವನ್ ಮಾತಾಡಿಸಲು ಹೋದದ್ದು

ಗುಣವತಿ ಚಿಕ್ಕಮ್ಮ ಮಾಸಲು ಬಣ್ಣದ ಸೀರೆ ಉಟ್ಟು, ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತದ್ದನ್ನು ಕಂಡು ಕೌನ್ಸಿಲರ್ ಭುವನ್‌ಗೆ ಗಾಬರಿಯಾಯಿತು. ಕಾರ್ಕಳದಿಂದ ಕಡಲಾಚೆಯ ಈ ಕೆಲ್ಲಿವಿಲ್‌ಗೆ ಬಂದು ಇನ್ನೂ ತಿಂಗಳಾಗದ ಚಿಕ್ಕಮ್ಮನಿಗೆ ಇಲ್ಲಿ ಹೀಗೆ ಹೊರಟು ನಿಲ್ಲುವಂಥ ಜಾಗ ಯಾವುದೂ ಇರಲಿಲ್ಲ.

"ಪಕ್ಕದ ಮನೆ ಯೂಸುಫನ ಅಕ್ಕ ಗಾಜಾದಲ್ಲಿ ತೀರಿಹೋದಳಂತೆ, ಬಾಂಬು ಬಿದ್ದು. ನಿನ್ನ ಹೆಂಡತಿ ಕೆಲಸಕ್ಕೆ ಹೋಗುವಾಗ ಹೇಳಿದಳು. ಮಾತಾಡಿಸಿಕೊಂಡು ಬರುವ, ನಡಿ."

ಭುವನ್ ಕೈಯಲ್ಲಿದ್ದ ಕಾಫಿಯನ್ನು ಕೆಳಗಿಟ್ಟ. ರಾಜ್ಯ ಚುನಾವಣೆಯ ಟಿಕೆಟ್ ಯಾರಿಗೆಂದು ಪಕ್ಷದವರು ಬರುವ ಶನಿವಾರ ತೀರ್ಮಾನಿಸುವವರಿದ್ದರು. ವರ್ಷಗಟ್ಟಲೆ ಮತಗಟ್ಟೆಯ ಮುಂದೆ ಚೀಟಿ ಹಂಚಿ, ತಾನು ಬಾಯಿಗಿಡದ ಮಾಂಸದ ಸಾಸೇಜುಗಳನ್ನು ಊರಿಗೆಲ್ಲ ಸುಟ್ಟು ಬಡಿಸಿ, ಅವನು ಈಗಷ್ಟೇ ಆ ಟಿಕೆಟ್ಟಿನ ಹತ್ತಿರಕ್ಕೆ ಬಂದಿದ್ದ. ಇಸ್ರೇಲ್-ಪ್ಯಾಲೆಸ್ಟೈನ್ ವಿಷಯದಲ್ಲಿ ಯಾರೂ ಬಾಯಿ ಬಿಡಕೂಡದೆಂದು ಪಕ್ಷದ ಕಚೇರಿಯಿಂದ ಅಪ್ಪಣೆಯಾಗಿತ್ತು. ಬಿಡಲೇಬೇಕಾಗಿ ಬಂದರೆ ಹೇಳಲು ಒಂದು ವಾಕ್ಯವನ್ನೂ ಕಳಿಸಿಕೊಟ್ಟಿದ್ದರು: 'ಎರಡೂ ಕಡೆಯವರ ನೋವು ನಮ್ಮನ್ನು ತೀವ್ರವಾಗಿ ಕಾಡಿದೆ.' ಭುವನ್ ಅದನ್ನು ಇಫ್ತಾರ್ ಕೂಟದಲ್ಲಿ ಹೇಳಿದ್ದ, ಶಾಲೆಯ ಸಭೆಯಲ್ಲಿ ಹೇಳಿದ್ದ, ಯಾರೂ ಕೇಳದಿದ್ದರೂ ಕನ್ನಡ ಸಂಘದ ಯುಗಾದಿಯಲ್ಲೂ ಹೇಳಿ ಬಂದಿದ್ದ.

"ಚಿಕ್ಕಮ್ಮ, ಇದು ತುಂಬ ಸೆನ್ಸಿಟಿವ್ ಇಶ್ಯೂ. ಯಾರಾದ್ರೂ ಫೋಟೋ ತೆಗೆದು ಹಾಕಿದ್ರೆ ನಾನು ಒಂದು ಸೈಡ್ ತಗೊಂಡೆ ಅಂತ ಆಗ್ತದೆ. ಕೆಲವರಿಗೆ ಬೇಜಾರಾಗ್ತದೆ."

"ಯಾರಿಗೆ?"

"ಈಗ ಮೂಲೆ ಮನೇಲಿ ಮಿರಿಯಂ ಟೀಚರ್ ಇದ್ದಾರಲ್ಲ, ಅವರು ಯಹೂದಿಗಳು. ಇಸ್ರೇಲಲ್ಲಿ ಆ ದೊಡ್ಡ ಅಟ್ಯಾಕ್ ಆಯ್ತಲ್ಲ, ಅದ್ರಲ್ಲಿ ಅವರ ತಮ್ಮನ ಮಗ ಹೋದ."

"ಅಯ್ಯೋ ದೇವರೇ. ಆಗ ಅವರಲ್ಲಿಗೆ ಹೋಗಿದ್ದೆಯಾ?"

"ಇಲ್ಲ. ಹೋದ್ರೆ ಯೂಸುಫ್‌ಗೆ ಬೇಜಾರಾಗ್ತದಲ್ಲ."

ಚಿಕ್ಕಮ್ಮ ಅವನ ಮುಖವನ್ನೇ ನೋಡಿದರು. "ನಿನ್ನ ಅಪ್ಪ ಹೋದಾಗ, ಅವರ ಮೇಲೆ ಜಾಗದ ಗಡಿ ಕೇಸು ಹಾಕಿದ ಅಣ್ಣು ಕೂಡ ಬಂದು ಅಂಗಳದಲ್ಲಿ ಕೂತಿದ್ದ ಮಾರಾಯ. ವಕೀಲನ ಹತ್ರ ಕೇಳಿಕೊಂಡು ಬಂದದ್ದಲ್ಲ ಅವನು." ಅಷ್ಟು ಹೇಳಿ ಮೆಟ್ಟಿಲಿಳಿದೇಬಿಟ್ಟರು. ಅವರೊಬ್ಬರನ್ನೇ ಕಳಿಸುವಂತಿಲ್ಲ, ತಡೆಯುವಂತೆಯೂ ಇಲ್ಲ. ಭುವನ್ ಗೊಣಗುತ್ತ ಹಿಂದೆ ಹೊರಟ.

ಬಾಗಿಲು ತೆರೆದ ಯೂಸುಫನ ಕಣ್ಣುಗಳು ಊದಿಕೊಂಡಿದ್ದವು. ಭುವನ್‌ನ ಬಾಯಿಗೆ ರೂಢಿಯ ಬಲದಿಂದ ಆ 'ಎರಡೂ ಕಡೆಯವರ' ವಾಕ್ಯ ತಾನಾಗಿಯೇ ಬಂತು. ಅದು ಹೊರಬೀಳುವ ಮೊದಲೇ ಚಿಕ್ಕಮ್ಮ ಇಬ್ಬರ ನಡುವೆ ತೂರಿಕೊಂಡು ಹೋಗಿ, ಯೂಸುಫನ ತಾಯಿಯ ಪಕ್ಕದಲ್ಲಿ ಕೂತು ಅವರ ಕೈ ಹಿಡಿದುಕೊಂಡರು. ಒಬ್ಬರಿಗೆ ಅರಬ್ಬಿ, ಇನ್ನೊಬ್ಬರಿಗೆ ತುಳು. ಇಬ್ಬರಿಗೂ ಅಳು ಬಂತು. ಸಾವಿನ ಮನೆಯಲ್ಲಿ ನೀರನ್ನೂ ಮುಟ್ಟದ ಚಿಕ್ಕಮ್ಮ, ಅಲ್ಲಿ ಕೊಟ್ಟ ಸಕ್ಕರೆಯಿಲ್ಲದ ಕಾಫಿಯನ್ನು ತಲೆ ತಗ್ಗಿಸಿ ಕುಡಿದರು.

"ಅವಳೇ ನನಗೆ ಸೈಕಲ್ ಕಲಿಸಿದ್ದು," ಎಂದ ಯೂಸುಫ್. "ಬೀಳಿಸಿ ಬೀಳಿಸಿ ಕಲಿಸಿದಳು."

ಹುಲ್ಲು ಕತ್ತರಿಸುವ ಯಂತ್ರವನ್ನು ಇವನಿಂದ ಎಷ್ಟೋ ಸಲ ಎರವಲು ತಂದಿದ್ದರೂ, ಇವನಿಗೊಬ್ಬಳು ಅಕ್ಕ ಇದ್ದದ್ದೇ ಭುವನ್‌ಗೆ ಗೊತ್ತಿರಲಿಲ್ಲ. ಅವನಿಗೆ ನಿಜಕ್ಕೂ ನಾಚಿಕೆಯಾಯಿತು. ಅಷ್ಟರಲ್ಲಿ ಎದುರಿಗೆ ಕೂತಿದ್ದ ನೆಂಟರೊಬ್ಬರು ಫೋನ್ ಎತ್ತಿ ಕೋಣೆಯ ಫೋಟೋ ತೆಗೆದರು. ಭುವನ್ ಅರ್ಧ ಎದ್ದ. ಯೂಸುಫ್ ಇನ್ನೂ ಅಕ್ಕನ ಮಾತನ್ನೇ ಆಡುತ್ತಿದ್ದ. ಭುವನ್ ಮತ್ತೆ ಕೂತ, ಮಾತು ಮುಗಿಯುವವರೆಗೂ ಕೂತೇ ಇದ್ದ.

ಹೊರಡುವಾಗ ಚಿಕ್ಕಮ್ಮ ಅವನ ತೋಳು ಒತ್ತಿದರು. ಇಂಥ ಮನೆಯಲ್ಲಿ 'ಬರುತ್ತೇನೆ' ಎನ್ನಬಾರದು. ಹೋದಲ್ಲೆಲ್ಲ 'ಮತ್ತೆ ಬರುತ್ತೇನೆ' ಎಂದು ಕೈ ಕುಲುಕಿಯೇ ಕೌನ್ಸಿಲರ್ ಆದವನು, ಅಂದು ಮೊದಲ ಬಾರಿಗೆ ಒಂದು ಮನೆಯಿಂದ ಸದ್ದಿಲ್ಲದೆ ಎದ್ದು ಬಂದ.

ಬೀದಿಗೆ ಇಳಿಯುವಷ್ಟರಲ್ಲಿ ಜೇಬಿನಲ್ಲಿ ಫೋನ್ ನಡುಗಿತು. ಪಕ್ಷದ ಕಾರ್ಯದರ್ಶಿ. ಫೋಟೋ ಆಗಲೇ ಎಲ್ಲಿಗೆ ತಲುಪಬೇಕೋ ಅಲ್ಲಿಗೆ ತಲುಪಿತ್ತು. ಏನು ಹೇಳುವುದೆಂದು ಅವನು ಯೋಚಿಸುತ್ತಿರುವಾಗಲೇ ಚಿಕ್ಕಮ್ಮ ತಮ್ಮ ಗೇಟನ್ನು ದಾಟಿ ಮುಂದೆ ಹೋಗಿದ್ದರು.

"ಎಲ್ಲಿಗೆ ಚಿಕ್ಕಮ್ಮ?"

"ಆ ಟೀಚರಮ್ಮನಲ್ಲಿಗೆ. ತಡವಾಯ್ತು, ಆದ್ರೂ ಹೋಗದೆ ಇರ್ಲಿಕ್ಕೆ ಆಗ್ತದಾ?"

ಭುವನ್‌ಗೆ ಎಂದೂ ಇಲ್ಲದ ಶಾಸ್ತ್ರ ಥಟ್ಟನೆ ನೆನಪಾಯಿತು. "ಸಾವಿನ ಮನೆಯಿಂದ ಬಂದು ಸ್ನಾನ ಮಾಡದೆ ಇನ್ನೊಬ್ಬರ ಮನೆಗೆ ಹೋಗಬಾರದು ಅಂತ ಚಿಕ್ಕಂದಿನಲ್ಲಿ ನೀವೇ ಹೇಳಿಕೊಟ್ಟದ್ದಲ್ವಾ?"

ಚಿಕ್ಕಮ್ಮ ನಡಿಗೆ ನಿಲ್ಲಿಸಲಿಲ್ಲ.

"ಅದೂ ಸಾವಿನ ಮನೆಯೇ ಅಲ್ವಾ ಮಗಾ," ಎಂದರು. "ಎರಡಕ್ಕೂ ಒಂದೇ ಸ್ನಾನ ಸಾಕು."