ಅರ್ಧಕ್ಕೆ ನಿಂತ ಬಣ್ಣ

ಮೆಹಂದಿ ಪುಡಿ ಒಂದು ಪ್ಯಾಕೆಟ್, ಇಂಡಿಗೋ ಪುಡಿ ಒಂದು ಪ್ಯಾಕೆಟ್, ಮತ್ತೆ ಯಾವತ್ತೂ ಬೆಳ್ಳಗಾಗದ ಒಂದು ಟವೆಲ್, ಬಚ್ಚಲಿನ ನೆಲ ತಿಕ್ಕಲು ಅತ್ತೆಯ ಸೊಂಟ, ಅದರ ಮೇಲೆ ವಾರಕ್ಕೆ ಸಿಗುವ ಒಂದೇ ರಜೆ. ತಲೆ ಕಪ್ಪಾಗಬೇಕೆಂದರೆ ಕನ್ನಡಕದಂಗಡಿಯ ಕೌಂಟರಿನಾಕೆಗೆ ಬೀಳುತ್ತಿದ್ದ ಖರ್ಚು ಇಷ್ಟು. ಅಂಗಡಿಯ ಡೈ ತಂದು ಹಚ್ಚಿಕೊಂಡರೆ ಅರ್ಧ ಗಂಟೆಯ ಕೆಲಸ, ನಿಜ. ಆದರೆ ಹೋದ ಸಲ ಅದನ್ನು ಹಚ್ಚಿದ್ದಕ್ಕೆ ಮುಖವೆಲ್ಲ ಊದಿ ಕಣ್ಣೇ ಮುಚ್ಚಿಹೋಗಿತ್ತು. ಇನ್ನೊಮ್ಮೆ ಹಚ್ಚಿದರೆ ನನ್ನ ಹತ್ತಿರ ಬರಬೇಡಿ ಎಂದಿದ್ದರು ಡಾಕ್ಟರು.

ಹಾಗಾಗಿ ಈ ಎರಡು ಸುತ್ತಿನ ಕೆಲಸ. ಮೊದಲು ಮೆಹಂದಿ, ಅದರಿಂದ ನರೆತ ಕೂದಲು ಕಿತ್ತಳೆ ಬಣ್ಣಕ್ಕೆ ಬರುತ್ತದೆ. ಅದನ್ನು ತೊಳೆದು, ಮೇಲೆ ಇಂಡಿಗೋ ಮೆತ್ತಿ ಕೂತರೆ ಕಪ್ಪು. ಆ ಭಾನುವಾರ ಮೊದಲ ಸುತ್ತು ಮುಗಿದಿತ್ತು. ಅತ್ತೆ ಇಂಡಿಗೋ ಕಲಸಿದ ಬಟ್ಟಲು ಹಿಡಿದು ಸೊಸೆಯ ಬೆನ್ನ ಹಿಂದೆ ನಿಂತಿದ್ದರು.

"ನನ್ನ ತಲೆ ನೋಡು, ಹತ್ತಿ ಬುಟ್ಟಿ. ಯಾರಾದ್ರೂ ಒಂದು ಮಾತು ಅಂದ್ರಾ?"

"ನೀವು ಯಾರ ಕೌಂಟರಲ್ಲಿ ನಿಂತಿದ್ರಿ ಅತ್ತೆ?"

"ಒಲೆ ಮುಂದೆ ನಿಂತಿದ್ದೆ. ಒಲೆಗೆ ಕಣ್ಣಿಲ್ಲ. ತಲೆ ಬಗ್ಗಿಸು."

ಅಷ್ಟರಲ್ಲಿ ಫೋನು. ಅಂಗಡಿಯ ಸಣ್ಣ ಯಜಮಾನ. ಅಪ್ಪ ಅಂಗಡಿಗೆ ಬರುವುದು ಬಿಟ್ಟ ಮೇಲೆ ವ್ಯವಹಾರವೆಲ್ಲ ಇವನದು. ಕೆಲಸ ಆಗಬೇಕಿದ್ದರೆ 'ಅಕ್ಕ' ಅನ್ನುತ್ತಾನೆ, ಗದರಿಸಬೇಕಿದ್ದರೆ 'ಏನ್ರೀ'. ಹೋದ ವಾರ ಅಂದಿದ್ದು 'ಏನ್ರೀ': "ಏನ್ರೀ, ಗಿರಾಕಿಗಳು ಒಳಗೆ ಬಂದ ತಕ್ಷಣ ನೋಡೋದೇ ನಿಮ್ಮ ನರೆತ ತಲೆ. ಒಂದನೇ ತಾರೀಖಿನೊಳಗೆ ಕಪ್ಪು ಮಾಡ್ಕೊಳ್ಳಿ. ಇಲ್ಲಾಂದ್ರೆ ಹಿಂದಿನ ಕೋಣೆಗೆ ಹೋಗಿ ಫ್ರೇಮಿಗೆ ಗಾಜು ಕೂರಿಸ್ಕೊಂಡಿರಿ." ಹಿಂದಿನ ಕೋಣೆಯವರಿಗೆ ಬರೀ ಸಂಬಳ. ಮಾರಿದ ಫ್ರೇಮಿನ ಮೇಲೆ ಕಮಿಷನ್ ಸಿಗುವುದು ಕೌಂಟರಿನಲ್ಲಿ ನಿಂತವರಿಗೆ ಮಾತ್ರ. ಆಕೆಯ ಮನೆ ಬಾಡಿಗೆ ಹೊಂದಿಕೆಯಾಗುತ್ತಿದ್ದದ್ದು ಆ ದುಡ್ಡಿನಿಂದ.

ಇವತ್ತು 'ಅಕ್ಕ' ಬಂತು. "ಅಕ್ಕಾ, ಹೊಸ ಹುಡುಗಿ ಕೈ ಕೊಟ್ಟಳು. ಅಂಗಡಿ ತುಂಬ ಜನ. ಬೇಗ ಬಂದ್ಬಿಡಿ."

"ತಲೆಗೆ ಬಣ್ಣ ಹಚ್ಚೋದು ಅರ್ಧ ಆಗಿದೆ ಸರ್. ಮಧ್ಯಾಹ್ನ ಬರ್ತೀನಿ."

"ತಲೆ ಆಮೇಲೆ ನೋಡ್ಕೊಳ್ಳಿ. ಬರೋಕಾಗಲ್ಲ ಅಂದ್ರೆ ಹೇಳಿಬಿಡಿ, ಬೇರೆ ಯಾರನ್ನಾದ್ರೂ ಕೌಂಟರಿಗೆ ಹಾಕ್ಕೊಳ್ತೀನಿ."

ಫೋನು ಕೆಳಗಿಟ್ಟು ಆಕೆ ಎದ್ದಳು. ಬಾಚಣಿಗೆ ಎಳೆದ ರಭಸಕ್ಕೆ ಅದರ ಎರಡು ಹಲ್ಲು ಮುರಿದವು.

"ಇದು ಕಲಸಿದ ಮೇಲೆ ಕಾಯಲ್ಲ ಕಣೇ, ಎಲ್ಲ ದಂಡ ಆಗುತ್ತೆ," ಎಂದರು ಅತ್ತೆ. "ಏನಾದ್ರೂ ಸುತ್ಕೊಂಡಾದ್ರೂ ಹೋಗು. ತಲೆಗೆ ಬೆಂಕಿ ಹತ್ತಿದ ಹಾಗಿದೆ."

"ಹತ್ತಿರೋದು ನಿಜ. ಸುತ್ಕೊಳ್ಳಲ್ಲ."

ಬಸ್ಸಿನಲ್ಲಿ ಜನ ನೋಡಿದರು. ಎದುರು ಸೀಟಿನ ಮಗು ಅಮ್ಮನ ಕೆನ್ನೆ ತಿರುಗಿಸಿ ತೋರಿಸಿತು. ಆಕೆ ನೆಟ್ಟಗೆ ಕೂತಿದ್ದಳು.

ಅಂಗಡಿಯಲ್ಲಿ ನಿಜಕ್ಕೂ ಜನ ತುಂಬಿದ್ದರು. ಅವರ ನಡುವೆ ಆಕೆ ದಾರಿ ಮಾಡಿಕೊಂಡು ಕೌಂಟರಿನ ಹಿಂದೆ ಹೋಗಿ ನಿಂತಳು. ಯಜಮಾನ ಹತ್ತಿರ ಬಂದು ಹಲ್ಲು ಕಚ್ಚಿಕೊಂಡು ಕೇಳಿದ, "ಏನ್ರೀ ಇದು ಅವತಾರ?"

"ನೀವು ಕೇಳಿದ ಕಪ್ಪು ಮಧ್ಯಾಹ್ನಕ್ಕೆ ಬರ್ತಿತ್ತು ಸರ್. ನೀವು ಬೆಳಗ್ಗೆ ಕರೆದ್ರಿ."

"ಮೆಲ್ಲಗೆ ಮಾತಾಡಿ. ಒಳಗೆ ಹೋಗಿ, ಜನ ನೋಡ್ತಿದ್ದಾರೆ."

"ನೋಡ್ಲಿ ಬಿಡಿ. ಕಣ್ಣು ಸರಿ ಇಲ್ಲ ಅಂತ ತಾನೇ ಇಲ್ಲಿಗೆ ಬಂದಿರೋದು, ಅಷ್ಟೇನೂ ಕಾಣಲ್ಲ."

ಗಿರಾಕಿಗಳಲ್ಲಿ ನಾಲ್ಕಾರು ಜನ ನಕ್ಕರು. ಆಕೆ ನಗಲಿಲ್ಲ. ಕ್ಯಾಷಿನಲ್ಲಿ ಕೂತವರತ್ತ ಕೈ ತೋರಿಸಿದಳು. ಅವರ ತಲೆಯಲ್ಲಿ ಒಂದು ಕರಿ ಕೂದಲು ಹುಡುಕಿದರೂ ಸಿಗುತ್ತಿರಲಿಲ್ಲ.

"ಇವರೂ ನಾನೂ ಒಂದೇ ವರ್ಷ ಕೆಲಸಕ್ಕೆ ಸೇರಿದೋರು. ಹೆಚ್ಚು ಕಡಿಮೆ ಒಂದೇ ವಯಸ್ಸು. ಇವರನ್ನ ಯಾವ ಕೋಣೆಗೆ ಕಳಿಸ್ತೀರಿ ಸರ್?"

"ಗಂಡಸರಿಗೆ ನರೆ ಒಪ್ಪುತ್ತೆ. ನಿಮ್ಮದು ಬೇರೆ," ಎಂದ ಯಜಮಾನ.

ಕ್ಯಾಷಿನವರು ನೋಟು ಎಣಿಸುವುದರಲ್ಲಿ ಮುಳುಗಿದರು. ನಗುತ್ತಿದ್ದ ಗಿರಾಕಿಗಳೆಲ್ಲ ಒಮ್ಮೆಲೇ ಕೌಂಟರಿನ ಕನ್ನಡಿಗಳತ್ತ ತಿರುಗಿ ತಮ್ಮ ತಮ್ಮ ಮೂಗಿನ ಮೇಲಿನ ಫ್ರೇಮು ಸರಿಮಾಡಿಕೊಳ್ಳತೊಡಗಿದರು. ಅವರಲ್ಲಿ ಆಕೆಯ ವಯಸ್ಸಿನ ಹೆಂಗಸರೂ ಇದ್ದರು.

ಆಕೆ ಬಾಗಿಲು ಹಾಕುವ ಹೊತ್ತಿನವರೆಗೂ ಕೌಂಟರು ಬಿಟ್ಟು ಕದಲಲಿಲ್ಲ. ಫ್ರೇಮುಗಳೂ ಚೆನ್ನಾಗಿಯೇ ಮಾರಾಟವಾದವು.

ಮನೆಗೆ ಬಂದಾಗ ಅತ್ತೆ ಬಟ್ಟಲು ತೊಳೆದಿಟ್ಟಿದ್ದರು. "ಇನ್ನೊಂದು ಪ್ಯಾಕೆಟ್ ತರಿಸ್ಲಾ? ಒಂದನೇ ತಾರೀಖಿಗೆ ಇನ್ನೂ ಟೈಮಿದೆ."

"ಬೇಡ ಅತ್ತೆ. ಕಪ್ಪು ಮಾಡ್ಕೊಂಡು ಹೋದ್ರೆ ಅವನು ಹೇಳಿದ್ದು ಸರಿ ಅಂದ ಹಾಗಾಗುತ್ತೆ."

ಅತ್ತೆ ಬಾಡಿಗೆಯ ಮಾತೆತ್ತಲು ಹೋಗಿ, ತೊಳೆದ ಬಟ್ಟಲನ್ನು ಎತ್ತಿ ಕಪಾಟಿನಲ್ಲಿಟ್ಟರು.

ಒಂದನೇ ತಾರೀಖಿನಿಂದ ಆಕೆ ಹಿಂದಿನ ಕೋಣೆಯಲ್ಲಿ ಗಾಜು ಕೂರಿಸುತ್ತಿದ್ದಾಳೆ. ಕಮಿಷನ್ ಹೋಯಿತು, ಬಾಡಿಗೆ ಕೊಡುವಾಗ ಪ್ರತಿ ತಿಂಗಳೂ ಕೈ ಬಿಗಿಯಾಗುತ್ತದೆ. ಭಾನುವಾರ ಆ ಕೋಣೆಗೆ ಬೀಗ, ಹಾಗಾಗಿ ರಜೆ ಪೂರ್ತಿ ಆಕೆಯದೇ. ಸಿಟ್ಟು ಇನ್ನೂ ಹಾಗೇ ಇದೆ.